ಕ್ಯಾಮೆರಾ ಹುಡುಗರ ಕೈಯಾಗ ಇರಲಿ

‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಚಿತ್ರದ ಸಂಗೀತದ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಹೇಳಿದ್ದೆ. ಮತ್ತೆ ನೋಡಿದೆ, ಮನಸ್ಸು ಕ್ಯಾಮೆರಾದಲ್ಲೇ ಸಿಕ್ಕಿಕೊಂಡಿತು. ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥ್ ಇನ್ನೊಂದು ವಾರ ಕಾಯಲಿ.

ನಿತಿನ್ ಕೃಷ್ಣಮೂರ್ತಿ ನಿರ್ದೇಶಿಸಿ, 2023ರ ಜುಲೈ 21ರಂದು ತೆರೆಕಂಡ ಚಿತ್ರವಿದು. ವಾರ್ಡನ್‌ನ ಹೆಣ, ಒಂದು ರಾತ್ರಿ, ಕಿರುಚಿತ್ರದ ಹುಚ್ಚು ಹಿಡಿದ ಹುಡುಗ. ಕಥೆ ಇಷ್ಟೇ. ‘ಕಾಂತಾರ’ದ ಕಾಡನ್ನು ಸೆರೆಹಿಡಿದ ಅರವಿಂದ್ ಕಶ್ಯಪ್ ಇಲ್ಲಿ ಹುಡುಗರ ನಡುವೆ ನುಗ್ಗಿ ಅವರ ಜೊತೆಗೇ ಓಡುತ್ತಾರೆ. ಚಿತ್ರ ಅಲುಗಾಡುತ್ತದೆ, ತಲೆನೋವು ಬಂತು ಎಂದವರಿದ್ದಾರೆ. ನುಣುಪಾದ ಪ್ಯಾನ್ ಇಂಡಿಯಾ ಚೌಕಟ್ಟಿಗೆ ಒಗ್ಗಿದ ಕಣ್ಣು ಅದು. ಹಿರಿಯರ ಮಾತು ಕೇಳದ ಹುಡುಗರನ್ನು ಅಲುಗಾಡದ ಕ್ಯಾಮೆರಾ ಹೇಗೆ ಹಿಡಿದೀತು?

ಈ ಓಟ ಮೆಚ್ಚಿದರೂ, ಬೆಂಗಳೂರಿನ ಸಿನಿಮಾದೊಂದಿಗೆ ನನ್ನ ಹಳೆಯ ಜಗಳವೊಂದಿದೆ. ನಮ್ಮ ವಿಜಯಪುರದ ಕಡೆಯ ಮಾತನ್ನು ಅದು ಬಹುಪಾಲು ಹಾಸ್ಯನಟನ ಬಾಯಿಗಷ್ಟೇ ಕೊಟ್ಟಿದೆ. ಪೇದೆ ‘ಯಪ್ಪಾ’ ಎಂದರೆ ಜನ ನಗಬೇಕು. ಅದೇ ಮಾತಿನಲ್ಲಿ ಹುಡುಗನೊಬ್ಬ ಪ್ರೀತಿಸಿದ್ದು, ಅಪ್ಪನಿಗೆ ಎದುರಾಡಿದ್ದು, ಸೋತು ಅತ್ತದ್ದು ತೆರೆಯ ಮೇಲೆ ಎಷ್ಟು ಸಲ ಬಂದಿದೆ? ತಿಕೋಟಾ, ಬಬಲೇಶ್ವರದಿಂದ ಬಂದು ವಿಜಯಪುರದ ಹಾಸ್ಟೆಲ್‌ಗಳಲ್ಲಿರುವ ಹುಡುಗರ ರಾತ್ರಿಗಳಲ್ಲೂ ಇಂಥ ಚಿತ್ರವಿದೆ. ಯಾರೋ ಬಂದು ತೆಗೆಯಲಿ ಎಂದು ಅವರು ಕಾಯಬಾರದು.

ಈ ಊರಿನಲ್ಲಿ ಹಾಗೆ ಕಾಯದವರೊಬ್ಬರಿದ್ದರು. ವಕೀಲ ಫ.ಗು. ಹಳಕಟ್ಟಿ. ಅವರ ‘ವಚನ ಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಬೆಳಗಾವಿಯಲ್ಲಿ. ಪರರ ಅಚ್ಚುಮೊಳೆ ನಂಬಿ ಎಷ್ಟು ದಿನ ಎಂದುಕೊಂಡು ಮನೆ ಮಾರಿ, 1925ರಲ್ಲಿ ವಿಜಯಪುರದಲ್ಲೇ ‘ಹಿತಚಿಂತಕ’ ಮುದ್ರಣಾಲಯ ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವ ಕರ್ನಾಟಕ’ ವಾರಪತ್ರಿಕೆ. ರಾಜಧಾನಿಯ ಅಪ್ಪಣೆಗಾಗಿ ಅವರು ಕೈಕಟ್ಟಿ ಕೂರಲಿಲ್ಲ. ಇಂದಿನ ಹುಡುಗರಿಗೆ ಮನೆ ಮಾರುವ ಪ್ರಮೇಯವೂ ಇಲ್ಲ, ಕಿಸೆಯೊಳಗಿನ ಮೊಬೈಲ್ ಸಾಕು.

ಕಂದಗಲ್ಲ ಹನುಮಂತರಾಯ ರಂಗಮಂದಿರದಲ್ಲಿ ಒಂದು ಸಂಜೆ ಹಾಸ್ಟೆಲ್ ಹುಡುಗ–ಹುಡುಗಿಯರ ಕಿರುಚಿತ್ರಗಳಿಗೇ ಮೀಸಲಾಗಲಿ. ಪರದೆ ಕಟ್ಟುವವರು ಮುಂದೆ ಬಂದರೆ, ಚಿತ್ರ ಆರಿಸುವ ಕೆಲಸಕ್ಕೆ ನಾನು ಸಿದ್ಧ. ನಿಯಮ ಒಂದೇ: ಮನೆಯಲ್ಲಿ ಅವ್ವನ ಜೊತೆ ಆಡುವ ಮಾತೇ ಚಿತ್ರದಲ್ಲೂ ಇರಬೇಕು.