ಡಿಜಿ ಹಚ್ಚುವ ರೂಢಿ, ಬ್ಯಾಟರಿಯ ಹದ

ಧಾರವಾಡ ದಾಟಿ ಬೆಳಗಾವಿ ಕಡೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕ ಬೇಲೂರು ಕೈಗಾರಿಕಾ ಪ್ರದೇಶ ಸಿಗುತ್ತದೆ. ಟಾಟಾ ಬಸ್ಸುಗಳು ತಯಾರಾಗುವ ಜಾಗ. ಇಂಥ ಪ್ರದೇಶದಲ್ಲಿ ಶೆಡ್ಡಿನ ಹಿಂದೊಂದು ಡಿಜಿ ಸೆಟ್, ಅಂದರೆ ಡೀಸೆಲ್ ಜನರೇಟರ್, ಇರುವುದು ವಾಡಿಕೆ. ‘ಕರೆಂಟ್ ಹೋತು, ಡಿಜಿ ಹಚ್ರಿ’ ಎಂಬ ಮಾತಿಗೆ ಅಲ್ಲಿ ಅರ್ಥವಿದೆ. ಲೇತಿನ ಮೇಲಿನ ಜಾಬು ಅರ್ಧಕ್ಕೆ ನಿಂತರೆ, ಪೇಂಟ್ ಬೂತಿನ ಬ್ಲೋವರ್ ಆರಿದರೆ, ನಷ್ಟ ನಿಮಿಷದ ಲೆಕ್ಕದಲ್ಲಿ ಏರುತ್ತದೆ. ಆ ರೂಢಿಯ ಬಗ್ಗೆ ನನ್ನ ತಕರಾರಿಲ್ಲ. ಅದೇ ರೂಢಿ ಶೆಡ್ ಬಿಟ್ಟು, ದಾಂಡೇಲಿ ಕಾಡಿನಂಚಿನಲ್ಲಿ ಎರಡು ರಾತ್ರಿ ತಂಗಲು ಹೊರಟ ಟ್ರೇಲರಿನ ಡಿಕ್ಕಿಯಲ್ಲೂ ಬಂದು ಕೂತರೆ ಪ್ರಶ್ನಿಸಲೇಬೇಕು. ಟ್ರೇಲರಿನಲ್ಲಿ ನಿಲ್ಲಬಾರದ ಯಂತ್ರ ಯಾವುದಿದೆ?

ಅಲ್ಲಿ ಡಿಜಿಯ ಬದಲು ಸಾಕಾಗುವ ಸೌರವಿದ್ಯುತ್ತು ಈ ಸೀಮೆಗೆ ಹೊಸದಲ್ಲ. 1995ರಲ್ಲಿ ಶುರುವಾದ ಹರೀಶ್ ಹಂದೆಯವರ ಸೆಲ್ಕೊ ಹಳ್ಳಿಮನೆಗಳಿಗೆ ಸೋಲಾರ್ ದೀಪ ಹಾಕಲು ಹೊರಟಾಗ ಸಾಲ ಕೊಟ್ಟ ಬ್ಯಾಂಕುಗಳಲ್ಲಿ ಧಾರವಾಡದಲ್ಲೇ ಪ್ರಧಾನ ಕಚೇರಿಯಿದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕೂ ಒಂದು. ಆ ಮನೆದೀಪಗಳಲ್ಲಿ ಮೊದಲು ಲೋಡು ಲೆಕ್ಕ ಹಾಕಿ, ಪ್ಯಾನೆಲ್ ಎಷ್ಟು ದೊಡ್ಡದಿರಬೇಕೆಂದು ಆಮೇಲೆ ನೋಡುತ್ತಿದ್ದರು. ಟ್ರೇಲರಿಗೂ ಅಲ್ಲಿಂದಲೇ ಹೊರಡುವುದು ಸರಿ. ನಾಲ್ಕು ಎಲ್‌ಇಡಿ ದೀಪ ಸಂಜೆಯೆಲ್ಲ ಉರಿದರೆ 60 ವ್ಯಾಟ್-ಗಂಟೆ, 25 ವ್ಯಾಟಿನ ಫ್ಯಾನ್ ರಾತ್ರಿಯಿಡೀ ತಿರುಗಿದರೆ 200, 12 ವೋಲ್ಟಿನ ಸಣ್ಣ ಕಂಪ್ರೆಸರ್ ಫ್ರಿಜ್ಜಿಗೆ ದಿನಕ್ಕೆ ಸುಮಾರು 400, ಫೋನು ಮತ್ತು ನೀರಿನ ಪಂಪಿಗೆ ನೂರು. ಒಟ್ಟು ಮುಕ್ಕಾಲು ಯುನಿಟ್ಟು. ಮನೆಯಲ್ಲಿ ಗೀಸರ್ ಇಪ್ಪತ್ತು ನಿಮಿಷದಲ್ಲಿ ತಿನ್ನುವಷ್ಟು.

ಇಷ್ಟಕ್ಕೆ ಜನರೇಟರ್ ಹಚ್ಚಿದರೆ ಆಗುವುದೇನು? 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿ ಅರ್ಧ ಖಾಲಿಯಾಗಿದೆ ಎನ್ನಿ. ಜನರೇಟರ್ ಒಂದು ಕೆವಿಎಯದೇ ಇರಲಿ, ಐದರದ್ದೇ ಇರಲಿ, ಈ ಬ್ಯಾಟರಿಗೆ ಹಿತವಾದ ಕರೆಂಟು 15 ಆಂಪಿಯರ್ ಆಸುಪಾಸು. ಅಂದರೆ 220 ವ್ಯಾಟೂ ಬೇಡ. ಯಂತ್ರದ ಶಕ್ತಿಯೆಲ್ಲ ಸುಮ್ಮನೆ ಉರಿಯುತ್ತದೆ. ಐದು ಗಂಟೆ ಹೀಗೆ ತುಂಬಿದ ಮೇಲೆ ಬ್ಯಾಟರಿ ಕರೆಂಟು ಸ್ವೀಕರಿಸುವುದನ್ನೇ ಕಡಿಮೆ ಮಾಡುತ್ತದೆ. ಕೊನೆಯ ಪಾಲು ತುಂಬಲು ಇನ್ನೆರಡು ಮೂರು ಗಂಟೆ ಬೇಕು. ಸಣ್ಣ ಪೆಟ್ರೋಲ್ ಜನರೇಟರ್ ಅಷ್ಟು ಹೊತ್ತಿಗೆ ಮೂರು ಲೀಟರ್ ಕುಡಿದಿರುತ್ತದೆ. ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಒಂದು ಯುನಿಟ್ಟು ಮುನ್ನೂರು ರೂಪಾಯಿಗೆ ಬಿದ್ದಂತಾಯಿತು. ಜನರೇಟರಿನ ಮೈಮೇಲಿರುವ 12 ವೋಲ್ಟಿನ ಸಾಕೆಟ್ಟಿಗೆ ನೇರ ತಂತಿ ಸಿಕ್ಕಿಸುವವರಿದ್ದಾರೆ. ಅದು ಕೊಡುವುದು ಸಾಮಾನ್ಯವಾಗಿ ಎಂಟು ಆಂಪಿಯರ್. ಒಳ್ಳೆಯ ಚಾರ್ಜರೂ ಅಲ್ಲ, ತುಂಬಿತೋ ಇಲ್ಲವೋ ಎಂದು ನೋಡಿಕೊಳ್ಳುವುದೂ ಇಲ್ಲ.

ಎಂಟು ಗಂಟೆ ಯಾರೂ ಹಚ್ಚಿಡುವುದಿಲ್ಲ. ಗದ್ದಲಕ್ಕೆ ಬೇಸತ್ತು ಎರಡು ಗಂಟೆಗೆ ಆರಿಸುತ್ತಾರೆ. ಮೀಟರಿನಲ್ಲಿ ವೋಲ್ಟೇಜ್ ಚೆನ್ನಾಗಿಯೇ ಕಾಣುತ್ತದೆ. ಆದರೆ ಬ್ಯಾಟರಿಯ ಮುಚ್ಚಳ ತೆಗೆದು ಹೈಡ್ರೋಮೀಟರಿಗೆ ಆಸಿಡ್ ಎಳೆದು ನೋಡಿ: ಬುರುಡೆ, ತುಂಬಿದ ಬ್ಯಾಟರಿಯ ಗುರುತಾದ 1.240ರ ಗೆರೆಯ ಹತ್ತಿರ ಏಳದೆ ಕೆಳಗೇ ತೇಲುತ್ತಿರುತ್ತದೆ. ಹೀಗೆ ಅರೆಹೊಟ್ಟೆಯಲ್ಲೇ ಮತ್ತೆ ಮತ್ತೆ ಬಳಸಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ವರ್ಷದೊಳಗೆ ‘ಬ್ಯಾಟರಿ ಕಂಪನಿ ಸರಿ ಇಲ್ರಿ’ ಎಂಬ ದೂರು ಬರುತ್ತದೆ. ತಪ್ಪು ಎರಡೇ ಗಂಟೆಗೆ ಆರಿಸಿದ ಕೈಯದು.

ಪ್ಯಾನೆಲ್ಲಿನ ಗುಣ ಇಲ್ಲೇ ಕಾಣುವುದು. 200 ವ್ಯಾಟಿನದು ಬೇಸಿಗೆಯಲ್ಲಿ ಕಾದು, ತಂತಿ ಮತ್ತು ಕಂಟ್ರೋಲರಿನ ನಷ್ಟವೂ ಸೇರಿ ಕೊಡುವುದು ಮುಕ್ಕಾಲಿಗೂ ಕಡಿಮೆ. ಹಾಗಿದ್ದೂ ಐದು ಗಂಟೆಯ ಗಟ್ಟಿ ಬಿಸಿಲಿಗೆ 700 ವ್ಯಾಟ್-ಗಂಟೆ ಸಿಗುತ್ತದೆ. ಅದಕ್ಕಿಂತ ಮುಖ್ಯ, ಮಧ್ಯಾಹ್ನದ ಮೇಲೆ ಬ್ಯಾಟರಿ ಮೂರು ನಾಲ್ಕು ಆಂಪಿಯರ್ ಮಾತ್ರ ಕೇಳುವ ಹೊತ್ತಿನಲ್ಲಿ ಅಷ್ಟನ್ನೇ ಸಂಜೆಯವರೆಗೆ ಕೊಡುತ್ತ ಕೂರುವ ತಾಳ್ಮೆ ಅದಕ್ಕಿದೆ, ಖರ್ಚಿಲ್ಲದೆ. ಜನರೇಟರ್ ಕೈಬಿಡುವ ಕೆಲಸವನ್ನೇ ಅದು ಮುಗಿಸುತ್ತದೆ.

ಹಾಗೆಂದು ಸೋಲಾರ್ ಮಾರುವವರ ಮಾತನ್ನೂ ಪೂರ್ತಿ ನಂಬುವ ಹಾಗಿಲ್ಲ. ಬ್ರೋಷರಿನ ಟ್ರೇಲರ್ ಯಾವಾಗಲೂ ಬಯಲಿನಲ್ಲಿ ನಿಂತಿರುತ್ತದೆ. ನಾವು ನಿಲ್ಲಿಸುವುದು ಮತ್ತಿ ಮರದ ಕೆಳಗೆ, ನೆರಳಿಗೆಂದೇ. ಪ್ಯಾನೆಲ್ಲಿನ ಒಂದು ಮೂಲೆಗೆ ಕೊಂಬೆಯ ನೆರಳು ಬಿದ್ದರೂ ಇಳುವರಿಯ ಮೂರನೇ ಒಂದು ಪಾಲು ಹೋಗಬಹುದು. ಆದ್ದರಿಂದ ಚಾವಣಿಗೆ ಬೋಲ್ಟ್ ಮಾಡಿದ ಪ್ಯಾನೆಲ್ಲಿಗಿಂತ, ಹತ್ತು ಮೀಟರ್ ದಪ್ಪ ತಂತಿಯ ಜೊತೆ ಬಿಸಿಲಿಗೆ ಎಳೆದಿಡಬಹುದಾದ ಮಡಚುವ ಪ್ಯಾನೆಲ್ಲೇ ಕಾಡಿಗೆ ಮೇಲು. ಕಂಟ್ರೋಲರ್ ಎಂಪಿಪಿಟಿಯದೇ ಇರಲಿ. ಅಗ್ಗದ ಪಿಡಬ್ಲ್ಯುಎಂ ಹಾಕಿಸಿ ಉಳಿಸಿದ ದುಡ್ಡು ಪ್ಯಾನೆಲ್ಲಿನಲ್ಲಿ ಸೋರಿಹೋಗುತ್ತದೆ.

ಜನರೇಟರಿನ ಮೇಲಿನ ನನ್ನ ಇನ್ನೊಂದು ಆಕ್ಷೇಪ ಲೆಕ್ಕದ್ದಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿ ನಿಂತಿದ್ದ ಕ್ಯಾರವಾನಿನಲ್ಲಿ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ನೆಲದ ತೂತಿನಿಂದ ಒಳಗೆ ಸೇರಿತ್ತೆಂದು ಕಲ್ಲಿಕೋಟೆ ಎನ್‌ಐಟಿಯವರ ಪರೀಕ್ಷೆ ತೋರಿಸಿತು. ವಾಸನೆಯಿಲ್ಲದ ಅನಿಲ; ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಸದ್ದಿನ ಮಾತಂತೂ ಇದ್ದೇ ಇದೆ: ಕವಚ ಹಾಕಿದ ಡಿಜಿ ಸೆಟ್ಟಿಗೂ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್‌ವರೆಗೆ ನಿಯಮವೇ ಅವಕಾಶ ಕೊಟ್ಟಿದೆ. ಕಾರ್ಖಾನೆಗೆ ಅದು ಸರಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ರಾತ್ರಿಗೆ ಅಲ್ಲ.

ಜನರೇಟರ್ ಗೆಲ್ಲುವ ಜಾಗ ಒಂದೇ, ಏಸಿ. ಒಂದು ಟನ್ನಿನ ಏಸಿ ರಾತ್ರಿಗೆ ನಾಲ್ಕೈದು ಯುನಿಟ್ಟು ಕೇಳುತ್ತದೆ. ಅಷ್ಟಕ್ಕೆ ಬೇಕಾಗುವ ಪ್ಯಾನೆಲ್ ಸಣ್ಣ ಟ್ರೇಲರಿನ ತಲೆಯ ಮೇಲೆ ಹಿಡಿಸುವುದೇ ಇಲ್ಲ. ಕಲಬುರಗಿಯ ಏಪ್ರಿಲ್ಲಿನಲ್ಲಿ ತಂಗುವವರಿಗೆ ಈ ವಾದ ಒಪ್ಪುತ್ತೇನೆ. ಧಾರವಾಡದ ರಾತ್ರಿಗೆ ಏಸಿ ಬೇಕೆನ್ನುವವರು ಕಿಟಕಿ ತೆಗೆದು ನೋಡಿಲ್ಲ.

ಮಳೆಗಾಲ ಬೇರೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕ್ಯಾಸಲ್‌ರಾಕ್ ಕಡೆ ಪ್ಯಾನೆಲ್ ಹೆಸರಿಗಷ್ಟೇ. ಆಗಲೂ ಮೊದಲ ಆಯ್ಕೆ ಜನರೇಟರ್ ಅಲ್ಲ, ಟ್ರೇಲರ್ ಎಳೆಯುವ ಗಾಡಿಯೇ. ಆಲ್ಟರ್ನೇಟರಿನಿಂದ ಡಿಸಿ-ಡಿಸಿ ಚಾರ್ಜರ್ ಮೂಲಕ 20 ಆಂಪಿಯರ್ ತೆಗೆದರೆ ಎರಡು ಗಂಟೆಯ ದಾರಿಯಲ್ಲಿ 40 ಆಂಪಿಯರ್-ಗಂಟೆ ಒಳಗೆ ಬಂದಿರುತ್ತದೆ. ಈಚಿನ ಬಿಎಸ್-6 ಗಾಡಿಗಳಲ್ಲಿ ಆಲ್ಟರ್ನೇಟರ್ ತನ್ನಿಷ್ಟಕ್ಕೆ ವೋಲ್ಟೇಜ್ ಇಳಿಸುವುದರಿಂದ ನೇರ ತಂತಿ ಎಳೆದರೆ ಸಾಲದು, ಆ ಚಾರ್ಜರ್ ಬೇಕೇ ಬೇಕು. ಮೂರನೆಯ ದಿನವೂ ಮೋಡ ಬಿಡದಿದ್ದರೆ ಫ್ರಿಜ್ ಆರಿಸಿ, ಹಾಲನ್ನು ಊರಿನ ಅಂಗಡಿಯಲ್ಲಿ ಕೊಂಡರಾಯಿತು.