ಗೌರವಧನವೂ ದಾನವೂ

ಕಕ್ಷಿದಾರನಿಂದ ಶುಲ್ಕ ಪಡೆಯದೆ, ಸರ್ಕಾರದ ಗೌರವಧನ ಪಡೆದು ಬಡವನ ಪರ ವಾದಿಸುವ ವಕೀಲನಿಗೆ ವಿಶೇಷ ಮನ್ನಣೆ ಸಲ್ಲಬೇಕೆ? ಸುಪ್ರೀಂ ಕೋರ್ಟು 2017ರಲ್ಲಿ ಹಿರಿಯ ವಕೀಲ ಪದವಿಗೆಂದು ರೂಪಿಸಿದ ಅಂಕಪದ್ಧತಿಯಲ್ಲಿ ಉಚಿತ ಸೇವೆಯೂ ಗಣನೆಗೆ ಬಂದಿತ್ತು. 2025ರಲ್ಲಿ ಆ ಪದ್ಧತಿ ರದ್ದಾಯಿತು. ಪ್ರಶ್ನೆ ಮಾತ್ರ ಉಳಿದಿದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಪ್ರಕಾರ ಅನುಗ್ರಹಕ್ಕಾಗಿ ತನ್ನದನ್ನು ತ್ಯಜಿಸುವುದೇ ದಾನ. ಅಂತೆಯೇ ವಕೀಲನು ಬಿಟ್ಟುಕೊಟ್ಟ ಶುಲ್ಕದಷ್ಟೇ ದಾನ. ಪಡೆದ ಗೌರವಧನದ ಮಟ್ಟಿಗೆ ಅದು ಕರ್ತವ್ಯ. ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನು ವಿವೇಕದಿಂದ ರಾಜ್ಯವನ್ನೇ ತೊರೆದನೆಂದು ಪ್ರಶ್ನೋತ್ತರ ರತ್ನಮಾಲಿಕೆಯ ಕೊನೆಯ ಪದ್ಯ ಸ್ಮರಿಸುತ್ತದೆ. ತ್ಯಾಗದ ಅಳತೆ ತೊರೆದುದರಲ್ಲಿದೆ, ಬಿರುದಿನಲ್ಲಿಲ್ಲ.

ಹಾಗೆಂದು ಗೌರವಧನ ಪಡೆದವನನ್ನು ಕೀಳಾಗಿ ಕಾಣುವುದೂ ಅನ್ಯಾಯ. ಉಚಿತ ಕಾನೂನು ನೆರವು ಸಂವಿಧಾನದ 39ಎ ವಿಧಿಯ ಆಶಯ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯು ಸ್ತ್ರೀಯರು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು, ಕೈಗಾರಿಕಾ ಕಾರ್ಮಿಕರು ಮುಂತಾದವರನ್ನು ಅದಕ್ಕೆ ಅರ್ಹರನ್ನಾಗಿಸಿತು. ಸೇಡಂ, ವಾಡಿಗಳ ಸಿಮೆಂಟು ಕಾರ್ಖಾನೆಯ ಕಾರ್ಮಿಕನು ಇಲ್ಲಿ ಯಾಚಕನಲ್ಲ, ಹಕ್ಕುದಾರ. ಅವನ ಕಡತವನ್ನು ಓದದೆ, ವಾಯಿದೆಯ ಮೇಲೆ ವಾಯಿದೆ ಕೇಳಿ ಗೌರವಧನ ಎಣಿಸಿಕೊಂಡರೆ ಅದು ಅಚೌರ್ಯಾಣುವ್ರತದ ಅತಿಚಾರಗಳಲ್ಲೊಂದಾದ ಹೀನಾಧಿಕ ಮಾನೋನ್ಮಾನ. ಅಂಗಡಿಯ ಮಾತಿನಲ್ಲಿ ಹೇಳುವುದಾದರೆ, ತೂಕದ ಮೋಸ. ಆ ಮೋಸದಲ್ಲಿ ಹೋಗುವುದು ಧಾನ್ಯವಲ್ಲ, ಒಬ್ಬನ ಕೂಲಿ ಅಥವಾ ಬಿಡುಗಡೆ.

ಆದುದರಿಂದ ಮನ್ನಣೆಯು 'ಉಚಿತ' ಎಂಬ ಹೆಸರಿಗಲ್ಲ. ಹಣ ತೆತ್ತವನಿಗೂ ತೆರಲಾರದವನಿಗೂ ಒಂದೇ ತಕ್ಕಡಿ ಹಿಡಿದವನಿಗೆ ಸಲ್ಲತಕ್ಕದ್ದು.