ಮಠದ ಶಾಲೆ, ಸರ್ಕಾರದ ಸಂಬಳ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಐವತ್ತು ದಾಟಿದ ಮೇಷ್ಟ್ರನ್ನೋ ಬ್ಯಾಂಕ್ ಗುಮಾಸ್ತರನ್ನೋ ಎಲ್ಲಿ ಓದಿದಿರಿ ಎಂದು ಕೇಳಿ ನೋಡಿ. ‘ಮಠದಾಗ ಇದ್ಕೊಂಡು ಓದಿದ್ವಿ’ ಎಂಬ ಉತ್ತರ ಎಷ್ಟೋ ಸಲ ಬರುತ್ತದೆ. ಹಾಗೆ ಹೇಳುವವರೆಲ್ಲ ಲಿಂಗಾಯತರೇ ಆಗಿರಬೇಕಿಲ್ಲ. ಕುರುಬರ, ನಾಯಕರ, ಲಂಬಾಣಿಗರ, ಮಾದಿಗರ ಮನೆಯವರೂ ಅವರಲ್ಲಿದ್ದಾರೆ. ಊಟ ಮಠದ್ದು, ಕಟ್ಟಡ ಮಠದ್ದು, ಮೇಷ್ಟ್ರ ಸಂಬಳ ಸರ್ಕಾರದ್ದು. ಅನುದಾನಿತ ಶಾಲೆ ಎಂಬ ಈ ಏರ್ಪಾಡು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಧರ್ಮಸಂಸ್ಥೆ ನಡೆಸುವ ಶಾಲೆಗೆ ತೆರಿಗೆ ಹಣ ಸಲ್ಲುವುದರಿಂದ ಮಕ್ಕಳ ಓದಿಗೆ ಒಳ್ಳೆಯದಾಗುತ್ತದೆಯೇ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಮಠದ ಅಜ್ಜಾರು ಬೇಜಾರು ಮಾಡಿಕೊಂಡಾರು ಎಂಬ ಅಳುಕು. ಆ ಅಳುಕನ್ನು ಪಕ್ಕಕ್ಕಿಟ್ಟು ಈ ಏರ್ಪಾಡನ್ನು ಒಮ್ಮೆ ತೂಗಿ ನೋಡಬೇಕು.

ಧರ್ಮದವರ ಕೈಗೆ ರಾಜ್ಯದ ಗಂಟು ಹೋಗುವುದು ಈ ನೆಲಕ್ಕೆ ಹೊಸದಲ್ಲ. ಹಿರೇಹಡಗಲಿಯಲ್ಲಿ ಸಿಕ್ಕ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟವೇ ಬ್ರಾಹ್ಮಣರಿಗೆ ದತ್ತಿ ಬಿಟ್ಟ ದಾಖಲೆ. ಆದರೆ ಈಗಿನ ಅನುದಾನದ ಬೇರು ಇರುವುದು 1854ರ ವುಡ್ ಸುತ್ತೋಲೆಯಲ್ಲಿ. ಆಗ ಈ ಊರುಗಳಿದ್ದ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1953ರ ಅಕ್ಟೋಬರ್ 1ರವರೆಗೂ ಅಲ್ಲೇ ಇತ್ತು. ಲಂಡನ್ ಮಿಷನ್ ಪಾದ್ರಿಗಳು 1810ರಲ್ಲೇ ಬಳ್ಳಾರಿಗೆ ಬಂದು ನೆಲೆಯೂರಿದ್ದರು. ವುಡ್ ಸುತ್ತೋಲೆ ಇಂಥ ಖಾಸಗಿ ಶಾಲೆಗಳಿಗೆ ಸರ್ಕಾರದ ದುಡ್ಡು ಕೊಡಲು ಒಪ್ಪಿತು. ಷರತ್ತು ಸರಳವಾಗಿತ್ತು: ಇನ್ಸ್‌ಪೆಕ್ಟರು ಬಂದು ಲೆಕ್ಕ, ಓದು, ಬರಹ ನೋಡಬೇಕು, ಧರ್ಮಬೋಧೆಯ ತಂಟೆಗೆ ಹೋಗಕೂಡದು. ಪಾದ್ರಿಗಳು ತೋರಿಸಿದ ಆ ದಾರಿಯನ್ನು ಆಮೇಲೆ ನಮ್ಮವರೂ ಹಿಡಿದರು. 1916ರಲ್ಲಿ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. ಕೊಟ್ಟೂರಿನ ಕೊಟ್ಟೂರೇಶ್ವರ ಕಾಲೇಜು ಅದರದೇ. ಹರಪನಹಳ್ಳಿಯಲ್ಲಿ ತೆಗ್ಗಿನಮಠ ವಿದ್ಯಾಸಂಸ್ಥೆಗಳನ್ನು ಕಟ್ಟಿತು. ಬ್ರಿಟಿಷರು ಹೋದರು, ಮದ್ರಾಸು ಹೋಯಿತು, ಆದರೆ ಅಧಿಕಾರಿ ಫಲಿತಾಂಶದ ಪಟ್ಟಿ ನೋಡಿ, ಉಳಿದದ್ದು ನಿಮ್ಮ ಮನೆಯ ವಿಚಾರ ಎಂದು ಚಹಾ ಕುಡಿದು ಹೋಗುವ ಪದ್ಧತಿ ಹಾಗೇ ಉಳಿಯಿತು.

ಕಾನೂನು ಇಷ್ಟು ಸಡಿಲವಾಗಿಲ್ಲ. ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರಿ ಖರ್ಚಿನ ಶಾಲೆಯಲ್ಲಿ ಧರ್ಮಬೋಧೆ ಕೂಡದು. ಸರ್ಕಾರದ ನೆರವು ಪಡೆಯುವ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಅದಕ್ಕೆ ಕೂರಿಸುವಂತಿಲ್ಲ. 29ನೇ ವಿಧಿ ಇನ್ನೂ ಖಡಕ್ಕು: ನೆರವು ಪಡೆಯುವ ಸಂಸ್ಥೆ ಧರ್ಮ, ಜಾತಿ, ಭಾಷೆಯ ಕಾರಣಕ್ಕೆ ಯಾರಿಗೂ ಸೀಟು ನಿರಾಕರಿಸುವಂತಿಲ್ಲ. ಈ ಒಂದು ವಿಷಯದಲ್ಲಿ ನಾವು ಇಂಗ್ಲೆಂಡಿಗಿಂತ ಮುಂದಿದ್ದೇವೆ. ಅಲ್ಲಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಗಳಲ್ಲಿ ಸುಮಾರು ಮೂರರಲ್ಲೊಂದು ಧರ್ಮಸಂಸ್ಥೆಯದು. ಸೀಟಿಗೆ ನೂಕುನುಗ್ಗಲಾದರೆ ಚರ್ಚಿಗೆ ಹೋಗುವವರ ಮಕ್ಕಳಿಗೆ ಮೊದಲ ಮಣೆ ಹಾಕಲು ಅಲ್ಲಿ ಅವಕಾಶವಿದೆ. ಒಳ್ಳೆಯ ಶಾಲೆಯ ಆಸೆಗೆ ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ತಂದೆತಾಯಿಗಳ ಬಗ್ಗೆ ಅಲ್ಲಿ ನಗೆಹನಿಗಳೇ ಇವೆ. ನಮ್ಮ ಮಠದ ಶಾಲೆಯ ಬಾಗಿಲು ಮಕ್ಕಳ ಮಟ್ಟಿಗೆ ತೆರೆದೇ ಇದೆ.

ಆ ತೆರೆದ ಬಾಗಿಲು ಈ ಸೀಮೆಗೆ ಮಾಡಿದ ಉಪಕಾರ ಸಣ್ಣದಲ್ಲ. 2002ರ ನಂಜುಂಡಪ್ಪ ಸಮಿತಿ ವರದಿ ಕೂಡ್ಲಿಗಿ, ಹರಪನಹಳ್ಳಿಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಗೆ ಸೇರಿಸಿತ್ತು. ಮಳೆ ಕೈಕೊಟ್ಟ ವರ್ಷ, ಎಷ್ಟೋ ಸಲ ಕೈಕೊಡದ ವರ್ಷವೂ, ಇಲ್ಲಿನ ತಾಂಡಾಗಳಿಂದ, ಕೇರಿಗಳಿಂದ ಸಂಸಾರಗಳು ಗುಳೆ ಹೊರಡುತ್ತವೆ: ಚಿಕ್ಕಮಗಳೂರಿನ ಕಾಫಿ ತೋಟಕ್ಕೆ, ಮಂಡ್ಯದ ಕಬ್ಬಿನ ಗದ್ದೆಗೆ, ಬೆಂಗಳೂರಿನ ಗಾರೆ ಕೆಲಸಕ್ಕೆ. ಮಗುವನ್ನು ಕರೆದೊಯ್ದರೆ ಶಾಲೆ ಬಿಟ್ಟಂತೆ. ಬಿಟ್ಟುಹೋದರೆ ಉಣ್ಣಿಸುವವರು ಯಾರು? ಆಗ ಒದಗಿಬಂದದ್ದು ಮಠದ ಪ್ರಸಾದ ನಿಲಯ. ಒಂದು ತಗಡಿನ ಟ್ರಂಕು, ಒಂದು ತಟ್ಟೆ, ಲೋಟ, ಹಾಸಲೊಂದು ಚಾಪೆ. ನಸುಕಿಗೆ ಗಂಟೆ, ತಣ್ಣೀರ ಸ್ನಾನ, ಹಣೆಗೆ ವಿಭೂತಿ, ಸಾಲಾಗಿ ಕೂತು ಪ್ರಾರ್ಥನೆ, ಆಮೇಲೆ ಮುದ್ದೆ ಸಾರು, ಆಮೇಲೆ ಶಾಲೆ. ಅಪ್ಪ ಅವ್ವ ಕಾಫಿ ಹಣ್ಣು ಬಿಡಿಸಿ ಬರುವ ಹೊತ್ತಿಗೆ ಹುಡುಗನ ವಾರ್ಷಿಕ ಪರೀಕ್ಷೆ ಮುಗಿದಿರುತ್ತಿತ್ತು. ಸರ್ಕಾರದ ಹಾಸ್ಟೆಲುಗಳು ಈ ಪ್ರಮಾಣದಲ್ಲಿ ಬರುವ ಮುಂಚೆ ಈ ಕೆಲಸವನ್ನು ಮಠಗಳು ಮಾಡಿದವು. ಅದನ್ನು ಅಲ್ಲಗಳೆಯುವವರಿಗೆ ಹಸಿವಿನ ಪರಿಚಯವಿಲ್ಲ.

ಆದರೆ ಆ ಹುಡುಗ ಪಾಸಾದದ್ದು ವಿಭೂತಿಯಿಂದಲೋ ಮುದ್ದೆಯಿಂದಲೋ? ಭಕ್ತಿಯ ವಾತಾವರಣದಲ್ಲಿ ಶಿಸ್ತು, ಶಿಸ್ತಿನಿಂದ ವಿದ್ಯೆ ಎಂಬ ವಾದವನ್ನು ಸಭೆ ಸಮಾರಂಭಗಳಲ್ಲಿ ಕೇಳಿ ಕೇಳಿ ನಮಗೆ ಸಾಕಾಗಿದೆ. ಇಂಗ್ಲೆಂಡಿನಲ್ಲಿ ಇದನ್ನು ಅಂಕಿ ಅಂಶ ಹಿಡಿದು ಪರೀಕ್ಷಿಸಿದ್ದಾರೆ. ಧರ್ಮದ ಶಾಲೆಗಳ ಮಕ್ಕಳು ಹೆಚ್ಚು ಅಂಕ ಪಡೆಯುವುದು ನಿಜವಾದರೂ, ಎಂಥ ಮನೆಯ ಮಕ್ಕಳು ಅಲ್ಲಿಗೆ ಸೇರುತ್ತಾರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಹೆಚ್ಚುಗಾರಿಕೆ ಬಹುಪಾಲು ಕರಗುತ್ತದೆ. ನಮ್ಮಲ್ಲಿ ಕತೆ ತಿರುಗುಮುರುಗು: ಸೇರಿದ್ದು ಬಡವರ ಮಕ್ಕಳು, ಓದಿಸಿದ್ದು ಅನ್ನ, ಸೂರು, ಊರಿಗೆ ಹತ್ತಿರವಿದ್ದ ಒಂದು ಹೈಸ್ಕೂಲು. ಇವೇ ಮೂರನ್ನು ಕೊಡುವ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಯಾವ ಪೀಠದ ಹಂಗೂ ಇಲ್ಲದೆ ಒಳ್ಳೆಯ ಫಲಿತಾಂಶ ತರುತ್ತಿವೆ. ಅಲ್ಲಿ ಪ್ರವೇಶ ಪರೀಕ್ಷೆಯ ಜರಡಿ ಇದೆ ಎಂಬುದನ್ನೂ ಹೇಳಿಬಿಡಬೇಕು.

ಪ್ರಾರ್ಥನೆಯ ವಿಷಯದಲ್ಲಿ ನನಗೆ ದೊಡ್ಡ ತಕರಾರಿಲ್ಲ. ಶರಣರ ಹೆಸರು ಕೇಳಿ ಬೆಳೆದ ಮಗು ಕೆಡುವುದಿಲ್ಲ. ಸಂವಿಧಾನ ಕೇಳುವ ಪೋಷಕರ ಒಪ್ಪಿಗೆಯನ್ನು ದಾಖಲಾತಿ ದಿನ ಒಂದು ಹಾಳೆಯಲ್ಲಿ ಬರೆಸಿಕೊಂಡರೆ, ಬೇಡ ಎಂದವರ ಮಗುವನ್ನು ಮುಜುಗರವಿಲ್ಲದೆ ಪ್ರಾರ್ಥನೆಯಿಂದ ಹೊರಗಿಟ್ಟರೆ ಮುಗಿಯಿತು. ಕಷ್ಟ ಶುರುವಾಗುವುದು ಧರ್ಮ ಮಗುವಿನ ತಟ್ಟೆಗೆ ಕೈಹಾಕಿದಾಗ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರದಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇದ್ದೇ ಇತ್ತು. ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ಕೂತು ತಿನ್ನುತ್ತೇವೆ ಎಂದು ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ಮೈಕಿನ ಮುಂದೆ ಗುಡುಗಿದ್ದನ್ನು ನಾಡೆಲ್ಲ ನೋಡಿತು. ಅವಳ ಮಾತಿನಲ್ಲಿ ಪೌಷ್ಟಿಕತೆಯ ವರದಿಗಳಿಗಿಂತ ಹೆಚ್ಚು ತಿಳಿವಳಿಕೆಯಿತ್ತು.

ಇನ್ನೊಂದು ಸಂಗತಿ ಈ ಐದು ತಾಲೂಕುಗಳಿಗೇ ಅಂಟಿದ್ದು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಇಲ್ಲಿ ಊರೂರಿನಲ್ಲಿದ್ದಾರೆ. ಈ ದೇವದಾಸಿ ಪದ್ಧತಿಯ ನಿಷೇಧದ ಕಾಯ್ದೆ 1982ರದು. ಅವರ ಮಕ್ಕಳು ಶಾಲೆಗೆ ಸೇರುವಾಗ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಗೆರೆಯ ಮುಂದೆ ಪೆನ್ನು ನಿಲ್ಲುತ್ತಿತ್ತು. ಆ ಗೆರೆಯ ಒತ್ತಾಯ ತೆಗೆಯಲು 2025ರ ಹೊಸ ಕಾಯ್ದೆಯೇ ಬರಬೇಕಾಯಿತು. ಧರ್ಮದ ಹೆಸರಿನಲ್ಲಿ ಆದ ಗಾಯಕ್ಕೆ ಮದ್ದು ಕೊಡುವ ಮೊದಲ ಹೊಣೆ ಧರ್ಮದ ಹೆಸರಿನ ಶಾಲೆಯದೇ ಆಗಬೇಕಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮುಖ್ಯ ಆಕ್ಷೇಪ ಬೇರೆ. ಅದು ಇರುವುದು ಸ್ಟಾಫ್ ರೂಮಿನಲ್ಲಿ. ಸರ್ಕಾರಿ ಶಾಲೆಯ ಮೇಷ್ಟ್ರು ಪರೀಕ್ಷೆ ಬರೆದು, ಮೆರಿಟ್ ಪಟ್ಟಿ, ಮೀಸಲಾತಿಯ ರೋಸ್ಟರ್, ಕೌನ್ಸೆಲಿಂಗ್ ದಾಟಿ ಬರುತ್ತಾರೆ. ಅನುದಾನಿತ ಶಾಲೆಯಲ್ಲಿ ಆಡಳಿತ ಮಂಡಳಿ ಆರಿಸುತ್ತದೆ, ಇಲಾಖೆ ಒಪ್ಪಿಗೆಯ ಮುದ್ರೆ ಒತ್ತುತ್ತದೆ, ಆಮೇಲೆ ನಿವೃತ್ತಿಯವರೆಗೆ ಸಂಬಳ ಖಜಾನೆಯಿಂದ. ಎಲ್ಲ ಜಾತಿಯ ಮಕ್ಕಳು ಬೆಂಚಿನ ಮೇಲೆ ಕೂತಿದ್ದರೂ ಎದುರಿಗೆ ಸೀಮೆಸುಣ್ಣ ಹಿಡಿದು ನಿಂತವರ ಅಡ್ಡಹೆಸರುಗಳು ಒಂದೇ ಬಗೆಯವಾಗಿರುವುದು ಇಂಥ ಶಾಲೆಗಳಲ್ಲಿ ಅಪರೂಪವೇನಲ್ಲ. ಮೇಷ್ಟ್ರಾಗುವುದು ನಮ್ಮಂಥವರಿಗಲ್ಲ ಎಂಬ ಪಾಠವನ್ನು ಲಂಬಾಣಿ ಹುಡುಗಿ ಯಾವ ಪುಸ್ತಕವೂ ಇಲ್ಲದೆ ಅಲ್ಲಿ ಕಲಿಯುತ್ತಾಳೆ. ಹುದ್ದೆಗೆ ಇಷ್ಟು ಎಂಬ ಪೇಟೆಯ ಮಾತಂತೂ ಹಳೆಯದು.

ಈ ಗಂಟನ್ನು ಬಿಚ್ಚಲು ಹೋದವರಿಗೆ ಏನಾಯಿತು ಎಂಬುದಕ್ಕೆ ಪಕ್ಕದ ಕೇರಳವಿದೆ. 1957ರಲ್ಲಿ ಇಎಂಎಸ್ ಸರ್ಕಾರದ ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿ ಮಸೂದೆ ತಂದರು. ಸಂಬಳ ಸರ್ಕಾರದ್ದಾದರೆ ಅನುದಾನಿತ ಶಾಲೆಯ ಶಿಕ್ಷಕರು ಲೋಕಸೇವಾ ಆಯೋಗದ ಪಟ್ಟಿಯಿಂದ ಬರಲಿ ಎಂಬುದು ಅದರ ಒಂದು ಮುಖ್ಯ ಅಂಶ. ಚರ್ಚು, ನಾಯರ್ ಸಂಘ ಎರಡೂ ಬೀದಿಗಿಳಿದವು. 1959ರ ಜುಲೈ 31ರಂದು ಸರ್ಕಾರವೇ ವಜಾ ಆಯಿತು. ಧರ್ಮ ಬೇರೆ ಬೇರೆಯಾದರೂ ನೇಮಕದ ಹಕ್ಕಿನ ಮೇಲಿನ ಪ್ರೀತಿ ಒಂದೇ. ನಮ್ಮ ಯಾವ ಮುಖ್ಯಮಂತ್ರಿಯೂ ಆ ಉಸಾಬರಿಗೆ ಹೋಗದಿರುವುದರಲ್ಲಿ ಆಶ್ಚರ್ಯವಿಲ್ಲ. ಚುನಾವಣೆಗೆ ಮುಂಚೆ ಎಲ್ಲರೂ ಮಠಕ್ಕೆ ಬಂದು ಕಾಲಿಗೆ ಬೀಳಬೇಕಲ್ಲ.

ಈ ನಡುವೆ ಮಠಗಳ ಗಮನವೇ ಬೇರೆಡೆ ಹರಿದಿದೆ. ತೊಂಬತ್ತರ ದಶಕದ ನಡುವಿನಿಂದೀಚೆಗೆ ಶುರುವಾದ ಶಾಲೆಗಳಿಗೆ ಅನುದಾನವಿಲ್ಲ. ಹಳೆಯ ಕನ್ನಡ ಶಾಲೆಗಳಲ್ಲಿ ನಿವೃತ್ತರಾದವರ ಜಾಗ ತುಂಬಲು ಅನುಮತಿ ಸುಲಭಕ್ಕೆ ಸಿಗುವುದಿಲ್ಲ. ಅದೇ ಕಾಂಪೌಂಡಿನಲ್ಲಿ, ಅದೇ ಗುರುಗಳ ಫೋಟೋ ಹೊತ್ತು, ಹಳದಿ ಬಸ್ಸಿನ ಇಂಗ್ಲಿಷ್ ಮಾಧ್ಯಮ ಶಾಲೆ ಎದ್ದಿರುತ್ತದೆ. ಕನ್ನಡ ಮಾಧ್ಯಮ ಕಡ್ಡಾಯ ಮಾಡುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿದೆ.  ಏನೇ ಆಗಲಿ, ಶುಲ್ಕ ಕೊಡುವವರ ಮಕ್ಕಳು ಬಸ್ಸಿಗೆ, ಕೊಡಲಾಗದವರು ಸೋರುವ ಹಂಚಿನ ಕೆಳಗೆ ಎಂಬ ಹಂಚಿಕೆಯನ್ನು ಯಾವ ಧರ್ಮಗ್ರಂಥವೂ ಹೇಳಿಲ್ಲ.

ಹಾಗಾಗಿ ನನ್ನ ತೀರ್ಪು ಇಷ್ಟು. ಈ ಐದು ತಾಲೂಕುಗಳ ಮಠದ ಶಾಲೆಗಳಿಗೆ ಅನುದಾನ ನಿಲ್ಲಿಸುವುದು ಮಕ್ಕಳ ಹೊಟ್ಟೆಯ ಮೇಲೆ ಹೊಡೆದಂತೆ; ಅದು ಮುಂದುವರಿಯಲಿ, ಖಾಲಿ ಹುದ್ದೆಗಳೂ ತುಂಬಲಿ. ಆದರೆ ಪ್ರತಿ ಹುದ್ದೆಯೂ ಸರ್ಕಾರಿ ಮೆರಿಟ್ ಪಟ್ಟಿಯಿಂದ, ರೋಸ್ಟರ್ ಪ್ರಕಾರ ತುಂಬಲಿ. ಇದಕ್ಕೆ ಒಪ್ಪದ ಸಂಸ್ಥೆ ತನ್ನ ಭಕ್ತರ ಕಾಣಿಕೆಯಲ್ಲಿ ಸಂಬಳ ಕೊಡಲಿ, ಯಾರೂ ಕೇಳುವುದಿಲ್ಲ.

ಸರ್ಕಾರ ಇದನ್ನು ಮಾಡುವವರೆಗೆ ಕಾಯಬೇಕಿಲ್ಲ. ಗಣನೀಯ ಪ್ರಮಾಣದಲ್ಲಿ ಸರ್ಕಾರದ ನೆರವು ಪಡೆಯುವ ಶಾಲೆ ಕಾಲೇಜುಗಳು ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತವೆ ಎಂದು 2019ರ ಸೆಪ್ಟೆಂಬರಿನಲ್ಲಿ ಡಿಎವಿ ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಊರಿನ ಅನುದಾನಿತ ಶಾಲೆಯ ಶಿಕ್ಷಕರ ಪಟ್ಟಿ, ನೇಮಕದ ಜಾಹೀರಾತು, ರೋಸ್ಟರ್ ಪುಸ್ತಕದ ನಕಲನ್ನು ಬಿಇಒ ಕಚೇರಿಯಲ್ಲಿ ಕೇಳಿ. ಅರ್ಜಿ 150 ಪದ ಮೀರಬಾರದು. ಶುಲ್ಕ ಹತ್ತು ರೂಪಾಯಿ.